ಫ್ರಾಂಕ್ ರೀಡ್ ಹಾರ್ಟನ್

ವಿದ್ಯೆಯು ಪರೋಪಕಾರಕ್ಕೆ ಸಲ್ಲಬೇಕೆಂದು ನಾವೆಲ್ಲರೂ ಹೇಳುತ್ತೇವೆ. ವಿದ್ಯಾರ್ಥಿದೆಶೆಯಲ್ಲಿಯೇ ಅದನ್ನು ನಡೆಸಿ ತೋರಿಸಿದವರಲ್ಲಿ ಫ್ರಾಂಕ್ ರೀಡ್ ಹಾರ್ಟನ್ ಎಂಬ ಮಹನೀಯರು ಒಬ್ಬರು.

ಇವರು 1896ನೆಯ ಇಸವಿ ಜುಲೈ 17ರಂದು ಅಮೇರಿಕಾ ದೇಶದ ಐಯೋವಾ ಪ್ರಾಂತದ ಸೂ ಸಿಟಿ ಎಂಬ ಊರಿನಲ್ಲಿ ಜನಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ನೌಕಾದಳವನ್ನು ಸೇರಿ ದುಡಿದರು. ಬಲಪ್ರಯೋಗದಿಂದ ವ್ಯಾಜ್ಯಗಳನ್ನು ತೀರಿಸಹೊರಟರೆ ಎಷ್ಟು ಬಾಳುಗಳು ಹಾಳಾಗುವುವೆಂಬುದನ್ನು ಕಂಡು, ಮನುಷ್ಯರಲ್ಲಿ ಸ್ನೇಹವನ್ನು ಬೆಳೆಸುವ ಮಾರ್ಗವನ್ನು ಹುಡುಕತೊಡಗಿದರು.

ಯುದ್ಧಾನಂತರ ಅವರು ಪೆನ್ಸಿಲ್ವೇನಿಯಾ ಪ್ರಾಂತದ ಈಸ್ಟನ್ ನಗರದಲ್ಲಿರುವ ಲಾಫಯೆಟ್ ಕಾಲೇಜನ್ನು ಸೇರಿದರು. ಅಲ್ಲಿ ಅವರ ಸಹವಾಸಿಗಳಲ್ಲಿ ಒಬ್ಬ ತರುಣನಿದ್ದನು. ಜೊತೆಗಾರರು ಸಲ್ಲದ ಕೆಲಸಕ್ಕೆ ಕರೆದಾಗ, ಅದು ತಪ್ಪೆಂದೂ ತಾನು ಬರುವುದಿಲ್ಲವೆಂದೂ ಆತನು ಎದ್ದುನಿಂತು ಹೇಳುತ್ತಿದ್ದನು. ಅದನ್ನು ಕೇಳಿ ಉಳಿದವರೂ ಹಿಂದೆಗೆಯುತ್ತಿದ್ದರು. ಈ ಧೈರ್ಯವು ಎಲ್ಲಿಂದ ಬಂದಿತೆಂದು ವಿಚಾರಿಸಲಾಗಿ, ಬಾಲ್ಯದಲ್ಲಿ ಬಾಲಚರದಳದಿಂದ ದೊರೆತ ಶಿಕ್ಷಣವೇ ಕಾರಣವೆಂದು ತಿಳಿದುಬಂದಿತು. ಹಾರ್ಟನರು ತಾವೂ ಆ ನಗರದ ಬಾಲಚರ ಕಾರ್ಯಕ್ಕೆ ಕೈಹಾಕಿದರು.

ಬಾಲ್ಯದಲ್ಲಿ ಕೈಕೊಂಡ ಸೇವಾವ್ರತವು ಕಾಲೇಜಿನ ಹೊಸ್ತಿಲಲ್ಲಿ ಮುಗಿಯಬಾರದೆಂಬುದು ಅವರ ಹಂಬಲವಾಯಿತು. 1925ನೆಯ ಇಸವಿ ಡಿಸೆಂಬರ್ 16ರಂದು ಕಾಲೇಜಿನ ಬ್ರೈನರ್ಡ್ ಮಂದಿರದಲ್ಲಿ 14 ಮಂದಿ ವಿದ್ಯಾರ್ಥಿಗಳು ಕೂಡಿ 'ಆಲ್ಫಾ ಫೈ ಒಮೇಗಾ' ಎಂಬ ಸೇವಾಸಂಘವನ್ನು ಸ್ಥಾಪಿಸಿದರು. ನಾಯಕತ್ವ, ಸ್ನೇಹ, ಸೇವೆ ಎಂಬ ಮೂರೂ ಅದರ ಮೂಲತತ್ವಗಳು. 1927ರಲ್ಲಿ ಅದು ಇತರ ಕಾಲೇಜುಗಳಿಗೂ ಹಬ್ಬಿತು. 1931ರವರೆಗೆ ಹಾರ್ಟನರೇ ಅದರ ರಾಷ್ಟ್ರೀಯ ಅಧ್ಯಕ್ಷರಾಗಿದ್ದರು. 1950ರಲ್ಲಿ ಸಮುದ್ರವನ್ನು ದಾಟಿ ಫಿಲಿಪೈನ್ಸ್ ದೇಶದ ಮನಿಲಾ ನಗರದಲ್ಲಿಯೂ ಅದು ಬೇರೂರಿತು.

ಆದರೆ ಒಂದು ಕೊರತೆಯನ್ನು ನಾವು ಮರೆಮಾಚಲಾಗದು. ಸ್ಥಾಪನೆಯ ಕಾಲದಲ್ಲಿ ಈ ಸಂಘವು ಗಂಡುಮಕ್ಕಳಿಗಾಗಿ ಮಾತ್ರವೇ ಇದ್ದಿತು. ಲಾಫಯೆಟ್ ಕಾಲೇಜು ಸಹ 1970ರವರೆಗೆ ವಿದ್ಯಾರ್ಥಿನಿಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಸ್ತ್ರೀಯರಿಗೆ ಸಂಘದ ಪೂರ್ಣ ಸದಸ್ಯತ್ವವು ದೊರೆತುದು 1976ರಲ್ಲಿ, ಅಂದರೆ ಅರ್ಧ ಶತಮಾನ ಕಳೆದ ಮೇಲೆ. ಹಾರ್ಟನರು 1966ರ ಆಗಸ್ಟ್ ತಿಂಗಳಲ್ಲಿಯೇ ಕಾಲವಾದುದರಿಂದ ಆ ದಿನವನ್ನು ಅವರು ಕಾಣಲಿಲ್ಲ. ಸೇವೆಗೆ ಗಂಡು ಹೆಣ್ಣೆಂಬ ಭೇದವಿಲ್ಲವೆಂದು ಕಡೆಗೆ ಒಪ್ಪಿದುದರಿಂದ ಅವರ ಕಾರ್ಯಕ್ಕೆ ಪೂರ್ಣತೆಯೇ ಬಂದಿತೆಂದು ನಾವು ಭಾವಿಸುತ್ತೇವೆ.

ತಪ್ಪಿಗೆ ಒಲ್ಲೆನೆಂದ ಒಬ್ಬ ತರುಣನ ನಡತೆಯಿಂದ ಇಷ್ಟು ದೊಡ್ಡ ಸಂಘವು ಹುಟ್ಟಿತು. ಹಳೆಯ ವಿದ್ಯಾರ್ಥಿನಿಯರೂ ತಂದೆತಾಯಂದಿರೂ ಇದನ್ನು ಮನನ ಮಾಡಬೇಕಾಗಿ ಕೋರುತ್ತೇವೆ. ಅಂಥ ಧೈರ್ಯವನ್ನು ನಮ್ಮ ಹೆಣ್ಣುಮಕ್ಕಳಿಗೆ ಚಿಕ್ಕಂದಿನಲ್ಲಿಯೇ ಕಲಿಸುವ ಭಾರವು ಮನೆ ಶಾಲೆಗಳೆರಡರ ಮೇಲೂ ಇದೆ.