ಏರುದಾರಿಯ ಗೆಳೆಯ ವೆಲೋಸಿಯೊ

ಸುರಪುರದ ಸುತ್ತಲೂ ಬಂಡೆಗಲ್ಲುಗಳ ಬೆಟ್ಟಗಳು ಹಬ್ಬಿವೆ. ದೇವಾಪುರದಂತಹ ಊರುಗಳಿಂದ ಆ ಕಡೆಗೆ ಸೈಕಲ್ ತುಳಿದವರಿಗೆ ಏರುದಾರಿಯ ಕಷ್ಟವನ್ನು ಬೇರೆಯವರು ವಿವರಿಸಬೇಕಾಗಿಲ್ಲ. ಸಮತಟ್ಟಾದ ನೆಲದ ಮೇಲೆ ಹಗುರವಾಗಿ ಉರುಳುವ ಸೈಕಲ್ಲು ಏರು ಬಂದೊಡನೆ ಭಾರವಾಗುತ್ತದೆ. ಸವಾರನು ಸೀಟಿನಿಂದೆದ್ದು ಮೈಯ ಭಾರವನ್ನೆಲ್ಲ ಪೆಡಲಿನ ಮೇಲೆ ಹಾಕುತ್ತಾನೆ. ಕೊನೆಗೆ ಸೋತು ಕೆಳಗಿಳಿದು ತಳ್ಳಿಕೊಂಡು ನಡೆಯುತ್ತಾನೆ. ತನ್ನ ಕಾಲಿನಲ್ಲಿ ಶಕ್ತಿ ಸಾಲದೆಂದು ನೊಂದುಕೊಳ್ಳುತ್ತಾನೆ. ಆದರೆ ದೋಷವು ಹೆಚ್ಚಾಗಿ ಇರುವುದು ಸೈಕಲ್ಲಿನ ಹಲ್ಲುಚಕ್ರಗಳ ಲೆಕ್ಕದಲ್ಲಿ. ಈ ಸತ್ಯವನ್ನು ಲೋಕಕ್ಕೆ ಮನಗಾಣಿಸಲು ತಮ್ಮ ಬಾಳನ್ನೇ ಮುಡಿಪಾಗಿಟ್ಟ ಮಹನೀಯರು ಫ್ರಾನ್ಸ್ ದೇಶದ ಪಾಲ್ ದ ವಿವೀ. ವೆಲೋಸಿಯೊ ಎಂಬ ಲೇಖನನಾಮದಿಂದ ಅವರು ಪ್ರಸಿದ್ಧರಾದರು.

ಪಾಲ್ ದ ವಿವೀ ಅವರು 1853ರಲ್ಲಿ ದಕ್ಷಿಣ ಫ್ರಾನ್ಸಿನ ಪೆರ್ನ್ ಎಂಬ ಊರಿನಲ್ಲಿ ಜನಿಸಿದರು. ಬೆಳೆದು ದೊಡ್ಡವರಾದ ಮೇಲೆ ರೇಷ್ಮೆಯ ವ್ಯಾಪಾರವನ್ನು ಕೈಗೊಂಡು ಸೇಂಟ್ ಎಟಿಯೆನ್ ನಗರದಲ್ಲಿ ನೆಲೆಸಿದರು. ಕಲ್ಲಿದ್ದಲ ಗಣಿಗಳಿಗೂ ಬಂದೂಕುಗಳ ತಯಾರಿಕೆಗೂ ರೇಷ್ಮೆಯ ಪಟ್ಟಿಗಳ ನೇಯ್ಗೆಗೂ ಹೆಸರಾದ ನಗರವದು. ಅದರ ಸುತ್ತಲೂ ಗುಡ್ಡಬೆಟ್ಟಗಳು. ಪ್ರಾಚೀನ ಗ್ರಂಥಗಳ ಓದಿನಲ್ಲಿ ಅಪಾರ ಆಸಕ್ತಿಯಿದ್ದ ಈ ವ್ಯಾಪಾರಿಯ ಬಾಳು 1881ರಲ್ಲಿ ಹೊಸ ತಿರುವನ್ನು ಪಡೆಯಿತು. ಆ ವರ್ಷ ಅವರು ಒಂದು ಸೈಕಲ್ಲನ್ನು ಕೊಂಡರು.

ಅಂದಿನ ಸೈಕಲ್ಲು ಇಂದಿನಂತಿರಲಿಲ್ಲ. ಮುಂದೆ ಆಳೆತ್ತರದ ದೊಡ್ಡ ಗಾಲಿ, ಹಿಂದೆ ಪುಟ್ಟ ಗಾಲಿ. ಪೆಡಲುಗಳು ದೊಡ್ಡ ಗಾಲಿಗೇ ಜೋಡಣೆಯಾಗಿದ್ದವು. ಪೆಡಲು ಒಂದು ಸುತ್ತು ತಿರುಗಿದರೆ ಗಾಲಿಯೂ ಒಂದೇ ಸುತ್ತು ತಿರುಗುತ್ತಿತ್ತು. ಅಂತಹ ಸೈಕಲ್ಲನ್ನೇರಿ ಅವರು ಬೆಟ್ಟಗಳ ನಡುವೆ ದೂರದೂರ ಸಂಚರಿಸಿದರು. ನಿಸರ್ಗದ ಸೊಬಗು ಅವರನ್ನು ಸೆರೆಹಿಡಿಯಿತು. 1887ರಲ್ಲಿ ಅವರು ರೇಷ್ಮೆಯ ವ್ಯಾಪಾರಕ್ಕೆ ವಿದಾಯ ಹೇಳಿ ಸೈಕಲ್ ಅಂಗಡಿಯೊಂದನ್ನು ತೆರೆದರು. ಅದೇ ವರ್ಷ ಸೈಕಲ್ ಸವಾರರಿಗಾಗಿ ಒಂದು ಪತ್ರಿಕೆಯನ್ನೂ ಆರಂಭಿಸಿದರು. ಮುಂದೆ ಅದು ‘ಲ ಸಿಕ್ಲಿಸ್ತ್’ ಎಂಬ ಹೆಸರಿನಿಂದ ಖ್ಯಾತಿಗೊಂಡಿತು. ಲಾಭಕ್ಕಿಂತ ಹೊಸ ಪ್ರಯೋಗಗಳ ಕಡೆಗೇ ಅವರ ಮನಸ್ಸು ಒಲಿದಿತ್ತು.

ಅಷ್ಟರಲ್ಲಿ ಎರಡು ಸಮಗಾತ್ರದ ಗಾಲಿಗಳೂ ಚೈನೂ ಉಳ್ಳ ಸೈಕಲ್ಲು ಬಳಕೆಗೆ ಬಂದಿತ್ತು. ಆದರೆ ಅದಕ್ಕೆ ಒಂದೇ ಗೇರು. ಸೇಂಟ್ ಎಟಿಯೆನ್ನಿನಿಂದ ದಕ್ಷಿಣಕ್ಕೆ ಹೋಗುವ ರಸ್ತೆಯು ಸಮುದ್ರಮಟ್ಟದಿಂದ 1161 ಮೀಟರ್ ಎತ್ತರದ ರಿಪಬ್ಲಿಕ್ ಘಟ್ಟವನ್ನು ಹತ್ತುತ್ತದೆ. 1889ರಲ್ಲಿ ಒಂದು ದಿನ ವೆಲೋಸಿಯೊ ಅವರು ಆ ಘಟ್ಟವನ್ನು ಬೆವರಿಳಿಸುತ್ತ ಏರುತ್ತಿದ್ದರು. ಆಗ ಅವರ ಪತ್ರಿಕೆಯ ಓದುಗನೊಬ್ಬನು ಬಾಯಲ್ಲಿ ಹೊಗೆಕೊಳವೆಯನ್ನಿಟ್ಟುಕೊಂಡು ಅವರನ್ನು ಹಿಂದಿಕ್ಕಿ ಮುಂದೆ ಸಾಗಿದನು! ಬೇರೆಯವರಾಗಿದ್ದರೆ ನಾಚಿಕೊಂಡು ಸುಮ್ಮನಾಗುತ್ತಿದ್ದರೇನೊ. ವೆಲೋಸಿಯೊ ಅವರು ಕಾರಣವನ್ನು ಹುಡುಕಿದರು.

ಕಾರಣವನ್ನು ತಿಳಿಯಲು ಸ್ವಲ್ಪ ಲೆಕ್ಕ ಬೇಕು. ನಮ್ಮಲ್ಲಿ ಬಳಕೆಯಲ್ಲಿರುವ ಸಾಧಾರಣ ಸೈಕಲ್ಲನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಪೆಡಲಿನ ಬಳಿಯ ಚಕ್ರಕ್ಕೆ 44 ಹಲ್ಲುಗಳೂ ಹಿಂದಿನ ಫ್ರೀವೀಲಿಗೆ 18 ಹಲ್ಲುಗಳೂ ಇವೆಯೆನ್ನೋಣ. 28 ಅಂಗುಲದ ಗಾಲಿಯ ಸುತ್ತಳತೆ ಸುಮಾರು 2.2 ಮೀಟರ್. ಪೆಡಲನ್ನು ಒಂದು ಸುತ್ತು ತುಳಿದರೆ ಸೈಕಲ್ಲು ಸುಮಾರು 5.4 ಮೀಟರ್ ಮುಂದೆ ಹೋಗುತ್ತದೆ. 18ರ ಬದಲು 22 ಹಲ್ಲುಗಳ ಫ್ರೀವೀಲನ್ನು ಹಾಕಿದರೆ ಅದು ಸುಮಾರು 4.4 ಮೀಟರ್ ಮಾತ್ರ ಹೋಗುತ್ತದೆ. ದೂರ ಕಡಿಮೆಯಾದಂತೆ, ತುಳಿಯಲು ಬೇಕಾದ ಬಲವೂ ಐದರಲ್ಲಿ ಸುಮಾರು ಒಂದು ಪಾಲು ಕಡಿಮೆಯಾಗುತ್ತದೆ. ಸನ್ನೆಗೋಲಿನ ನಿಯಮವೇ ಇಲ್ಲಿಯೂ ಕೆಲಸ ಮಾಡುತ್ತದೆ. ಇದನ್ನೇ ಗೇರನ್ನು ಇಳಿಸುವುದು ಎನ್ನುತ್ತಾರೆ.

ಆದರೆ ಒಂದು ತೊಡಕಿತ್ತು. ಏರಿಗೆ ಒಪ್ಪುವ ಗೇರು ಸಮನೆಲಕ್ಕೆ ಒಪ್ಪುವುದಿಲ್ಲ. ಅಲ್ಲಿ ಕಾಲು ಎಷ್ಟು ಬೇಗ ಆಡಿದರೂ ಸೈಕಲ್ಲು ನಿಧಾನವಾಗಿಯೇ ಸಾಗುತ್ತದೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಲು ವೆಲೋಸಿಯೊ ಅವರ ಮನಸ್ಸು ಒಪ್ಪಲಿಲ್ಲ. ಅವರು ಕಂಡುಕೊಂಡ ಉಪಾಯ ಬಹು ಸರಳವಾದುದು. ಪೆಡಲಿನ ಬಳಿ ಒಂದರ ಪಕ್ಕದಲ್ಲಿ ಒಂದರಂತೆ ಸಣ್ಣದೂ ದೊಡ್ಡದೂ ಆದ ಎರಡು ಹಲ್ಲುಚಕ್ರಗಳನ್ನು ಜೋಡಿಸಿದರು. ಏರು ಬಂದಾಗ ಕೆಳಗಿಳಿದು ಚೈನನ್ನು ಕೈಯಿಂದಲೇ ಎತ್ತಿ ಸಣ್ಣ ಚಕ್ರಕ್ಕೆ ಹಾಕುವುದು. ಏರು ಮುಗಿದ ಮೇಲೆ ಮತ್ತೆ ದೊಡ್ಡದಕ್ಕೆ ಹಾಕುವುದು. ಕೈಗೆ ಮಸಿಯಾಗುತ್ತಿತ್ತು, ನಿಜ. ಆದರೆ ಹೊಸ ಸೈಕಲ್ಲೂ ಬೇಕಾಗಲಿಲ್ಲ, ಹೆಚ್ಚಿನ ಹಣವೂ ಬೇಕಾಗಲಿಲ್ಲ. ಅನಂತರ ಎಡಬದಿಯಲ್ಲಿಯೂ ಎರಡು ಚಕ್ರಗಳನ್ನು ಸೇರಿಸಿ ನಾಲ್ಕು ಗೇರುಗಳನ್ನು ಪಡೆದರು. ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಸಾಧನಗಳು ಮುಂದೆ ಬೆಳೆದು ಬರಲು ಅವರ ಪ್ರಯೋಗಗಳೂ ಬರಹಗಳೂ ಒತ್ತಾಸೆಯಾದವು.

ಹೊಸದಕ್ಕೆ ವಿರೋಧ ಬರುವುದು ಲೋಕರೂಢಿ. ಗೇರು ಬದಲಾಯಿಸುವುದು ದುರ್ಬಲರ ಲಕ್ಷಣವೆಂದು ಅನೇಕರು ಹಳಿದರು. ಅವರಲ್ಲಿ ಮುಖ್ಯರಾದವರು ಪತ್ರಿಕಾ ಸಂಪಾದಕರಾದ ಆನ್ರಿ ದೆಗ್ರಾಂಜ್. 1902ರಲ್ಲಿ ಪರ್ವತಪ್ರದೇಶದಲ್ಲಿ ಒಂದು ಸ್ಪರ್ಧೆ ಏರ್ಪಟ್ಟಿತು. ಮೂರು ಗೇರುಗಳ ಸೈಕಲ್ಲನ್ನೇರಿದ್ದ ಮಾರ್ತ್ ಹೆಸ್ ಎಂಬ ಮಹಿಳೆಯು ಒಂದೇ ಗೇರಿನ ಸೈಕಲ್ಲಿನ ಹೆಸರಾಂತ ಸವಾರ ಎಡ್ವಾರ್ಡ್ ಫಿಶರನನ್ನು ಸೋಲಿಸಿದಳು. ಆದರೂ ದೆಗ್ರಾಂಜ್ ಅವರ ಮನಸ್ಸು ಕರಗಲಿಲ್ಲ. ಅಂತಹ ಸೌಕರ್ಯವು ನಲವತ್ತೈದು ದಾಟಿದವರಿಗೇ ಇರಲೆಂದು ಅವರು ಹಾಸ್ಯ ಮಾಡಿದರು. 1903ರಲ್ಲಿ ಅವರು ಆರಂಭಿಸಿದ ‘ಟೂರ್ ದ ಫ್ರಾನ್ಸ್’ ಪಂದ್ಯದ ದಾರಿಯು ಮೊದಲ ವರ್ಷವೇ ರಿಪಬ್ಲಿಕ್ ಘಟ್ಟವನ್ನು ಹಾದುಹೋಯಿತು. ಅಲ್ಲಿಯ ಸ್ಪರ್ಧಿಗಳು ಬಹುಕಾಲ ಹಿಂದಿನ ಗಾಲಿಯ ಎರಡು ಬದಿಗೂ ಬೇರೆಬೇರೆ ಹಲ್ಲುಚಕ್ರಗಳನ್ನಿಟ್ಟು, ಬೆಟ್ಟದ ಬುಡದಲ್ಲಿ ಗಾಲಿಯನ್ನು ಬಿಚ್ಚಿ ತಿರುಗಿಸಿ ಹಾಕಿಕೊಳ್ಳುತ್ತಿದ್ದರು. ಗೇರು ಬದಲಿಸುವ ಸಾಧನಕ್ಕೆ ಆ ಪಂದ್ಯದಲ್ಲಿ ಅನುಮತಿ ದೊರೆತದ್ದು 1937ರಲ್ಲಿ.

ವೆಲೋಸಿಯೊ ಅವರು ಇದನ್ನು ಕೇವಲ ಯಂತ್ರದ ವಿಷಯವೆಂದು ಬಗೆಯಲಿಲ್ಲ. ಸೈಕಲ್ಲು ಬಲಶಾಲಿಗಳ ಸೊತ್ತಾಗಬಾರದು. ವೃದ್ಧರೂ ಮಹಿಳೆಯರೂ ದುಡಿಯುವ ಜನರೂ ಬೆಟ್ಟದ ಮೇಲಿನ ಗಾಳಿಯನ್ನು ಸವಿಯಬೇಕು ಎಂಬುದು ಅವರ ಹಂಬಲವಾಗಿತ್ತು. ಅವರು ಸಸ್ಯಾಹಾರಿಗಳು, ಮಿತವಾದ ಬಾಳನ್ನು ನಡೆಸಿದವರು. ದಣಿಯುವ ಮೊದಲೇ ವಿಶ್ರಮಿಸಬೇಕೆಂದೂ ಒಣಜಂಬಕ್ಕಾಗಿ ತುಳಿಯಬಾರದೆಂದೂ ಸವಾರರಿಗೆ ಬುದ್ಧಿ ಹೇಳುತ್ತಿದ್ದರು. ಅವರ ಗೌರವಾರ್ಥ 1922ರಿಂದ ಸವಾರರು ರಿಪಬ್ಲಿಕ್ ಘಟ್ಟವನ್ನು ಏರುವ ಉತ್ಸವವು ಆರಂಭವಾಯಿತು. 1930ರ ಫೆಬ್ರವರಿ 27ರಂದು ಸೇಂಟ್ ಎಟಿಯೆನ್ನಿನ ಬೀದಿಯಲ್ಲಿ ಸೈಕಲ್ಲನ್ನು ತಳ್ಳಿಕೊಂಡು ಹೋಗುತ್ತಿದ್ದಾಗ ಟ್ರಾಮು ತಾಗಿ ಅವರು ಅಸುನೀಗಿದರು. ಆಗ ಅವರಿಗೆ 76 ವರ್ಷ ವಯಸ್ಸಾಗಿತ್ತು.

ಅವರು ತೋರಿದ ಮಾರ್ಗ ಇಂದಿಗೂ ಉಪಯುಕ್ತವಾಗಿದೆ. ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಹಂಚಲು ತೊಡಗಿದ ಸೈಕಲ್ಲುಗಳಿಗೆ ಒಂದೇ ಗೇರು. ಅಂತಹ ಸೈಕಲ್ಲಿಗೆ ಹೆಚ್ಚು ಹಲ್ಲುಗಳ ಫ್ರೀವೀಲನ್ನು ಹಾಕಿಸಿ, ಅಗತ್ಯವಿದ್ದರೆ ಚೈನಿಗೆ ಒಂದೆರಡು ಕೊಂಡಿಗಳನ್ನು ಸೇರಿಸಿದರೆ ಏರು ಹಗುರಾಗುತ್ತದೆ. ಹಲವು ಗೇರುಗಳ ರೇಸ್ ಸೈಕಲ್ಲಿಗೂ ಇದೇ ಮಾತು ಸಲ್ಲುತ್ತದೆ. ಅದರ ಹಿಂಬದಿಯ ಅತಿ ದೊಡ್ಡ ಚಕ್ರಕ್ಕೆ 25 ಹಲ್ಲುಗಳಿದ್ದರೆ 32 ಹಲ್ಲುಗಳಿರುವ ಗುಚ್ಛವನ್ನು ಹಾಕಿಸಬಹುದು. ಚೈನನ್ನು ಸರಿಸುವ ಸಾಧನವು ಅಷ್ಟು ದೊಡ್ಡ ಚಕ್ರವನ್ನು ತಾಳುವುದೇ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಸೈಕಲ್ಲನ್ನೇ ಬದಲಿಸುವ ವೆಚ್ಚದ ಮುಂದೆ ಇದು ಅಲ್ಪ.

ಘಟ್ಟದಲ್ಲಿ ತಮ್ಮನ್ನು ಹಿಂದಿಕ್ಕಿದವನ ಮೇಲೆ ವೆಲೋಸಿಯೊ ಅವರು ಮುನಿಯಲಿಲ್ಲ, ಅವನಿಂದ ಕಲಿತರು. ಕಲಿತದ್ದನ್ನು ತಮಗಷ್ಟೇ ಇಟ್ಟುಕೊಳ್ಳದೆ ಎಲ್ಲರಿಗೂ ಹಂಚಿದರು. ಶಕ್ತಿಯಿದ್ದರೆ ಸಾಲದು, ಅದನ್ನು ಬಳಸುವ ಯುಕ್ತಿಯೂ ಬೇಕೆಂಬುದಕ್ಕೆ ಅವರ ಬಾಳು ಸಾಕ್ಷಿಯಾಗಿದೆ.