ಗಿಂಡಿಯ ಪದವೀಧರ: ವರ್ಗೀಸ್ ಕುರಿಯನ್

ಕನ್ನಡ ವಿಭಾಗದ ಸಂಸ್ಮರಣ ಸಂಪುಟದಲ್ಲಿ ಹೈನುಗಾರಿಕೆಯ ಎಂಜಿನಿಯರೊಬ್ಬರ ಜೀವನವೃತ್ತಾಂತಕ್ಕೆ ಎಡೆಯೆಲ್ಲಿ ಎಂದು ಕೆಲವರಿಗೆ ಅನಿಸಬಹುದು. ವರ್ಗೀಸ್ ಕುರಿಯನ್ ಅವರು ಮದ್ರಾಸ್ ವಿಶ್ವವಿದ್ಯಾನಿಲಯದ ಪದವೀಧರರು; ಹಾಲಿನ ಶಾಸ್ತ್ರದ ಮೊದಲ ಪಾಠಗಳನ್ನು ಕಲಿತದ್ದು ಬೆಂಗಳೂರಿನಲ್ಲಿ. ಅವರನ್ನು ಇಲ್ಲಿ ನೆನೆಯಲು ಈ ನಂಟುಗಳೇ ಸಾಕು.

1921ರ ನವೆಂಬರ್ 26ರಂದು ಕಲ್ಲಿಕೋಟೆಯಲ್ಲಿ ಜನಿಸಿದ ಕುರಿಯನ್ನರು 1940ರಲ್ಲಿ ಲೊಯೋಲಾ ಕಾಲೇಜಿನಿಂದ ಭೌತಶಾಸ್ತ್ರದ ಪದವಿಯನ್ನೂ 1943ರಲ್ಲಿ ಗಿಂಡಿಯ ಎಂಜಿನಿಯರಿಂಗ್ ಕಾಲೇಜಿನಿಂದ ಯಂತ್ರಶಾಸ್ತ್ರದ ಪದವಿಯನ್ನೂ ಪಡೆದರು. ಜಮ್‌ಶೇಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆಯಲ್ಲಿ ತರಬೇತಿ ಪಡೆದರಾದರೂ ಹಿರಿಯ ಬಂಧು ಜಾನ್ ಮಥಾಯ್ ಅವರ ಹೆಸರಿನ ನೆರಳಿನಲ್ಲಿ ಬೆಳೆಯಲು ಅವರ ಮನಸ್ಸು ಒಪ್ಪಲಿಲ್ಲ. ಸರಕಾರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದಾಗ ದೊರೆತದ್ದು ಬಯಸದೇ ಇದ್ದ ವಿಷಯ, ಡೇರಿ ಎಂಜಿನಿಯರಿಂಗ್. ವಿದೇಶಕ್ಕೆ ಹೊರಡುವ ಮುನ್ನ ಬೆಂಗಳೂರಿನ ಇಂಪೀರಿಯಲ್ ಸಂಸ್ಥೆಯಲ್ಲಿ ತರಬೇತಿಯಾಯಿತು. 1927ರಲ್ಲಿ ಗಾಂಧೀಜಿಯವರು ಗೋಪಾಲನೆಯ ಪಾಠ ಕೇಳಿದ್ದು ಇದೇ ಸಂಸ್ಥೆಯಲ್ಲಿ. ಅಲ್ಲಿಂದ ಅಮೆರಿಕದ ಮಿಷಿಗನ್ನಿಗೆ ಹೋದ ಕುರಿಯನ್ನರು ಹಾಲಿಗಿಂತ ಲೋಹಶಾಸ್ತ್ರಕ್ಕೇ ಹೆಚ್ಚು ಮನಸ್ಸು ಕೊಟ್ಟರು. ಹಾಲಿನ ರುಚಿಯೂ ಅವರಿಗೆ ಹಿಡಿಸುತ್ತಿರಲಿಲ್ಲ!

ವಿದ್ಯಾರ್ಥಿವೇತನದ ಕರಾರಿನಂತೆ 1949ರ ಮೇ 13ರಂದು ಗುಜರಾತಿನ ಆಣಂದ್‌ನ ಸರಕಾರಿ ಡೇರಿಗೆ ಬಂದರು. ಕರಾರಿನ ಹಂಗು ಕಳೆದೊಡನೆ ಹೊರಟುಬಿಡುವ ಇರಾದೆ ಅವರದು. ಖೇಡಾ ಜಿಲ್ಲೆಯ ಹಾಲು ಉತ್ಪಾದಕರ ಸಹಕಾರ ಸಂಘವನ್ನು 1946ರಲ್ಲಿ ಕಟ್ಟಿದ್ದ ತ್ರಿಭುವನದಾಸ್ ಪಟೇಲರು ಹಳೆಯ ಯಂತ್ರಗಳನ್ನು ಸರಿಪಡಿಸಿಕೊಡಲು ಕೇಳಿಕೊಂಡರು; ಆ ನೆವದಿಂದ ನಿಂತವರು ಕೊನೆಯವರೆಗೂ ನಿಂತರು. ಎಮ್ಮೆಯ ಹಾಲಿನಿಂದ ಪುಡಿ ತಯಾರಿಸುವುದು ಅಸಾಧ್ಯವೆಂಬ ವಿದೇಶೀ ತಜ್ಞರ ನಂಬಿಕೆಯನ್ನು ಎಚ್.ಎಂ. ದಲಾಯ ಅವರು ಸುಳ್ಳಾಗಿಸಿದ ಬಳಿಕ, 1955ರಲ್ಲಿ ಆಣಂದ್‌ನಲ್ಲಿ ಅದರ ಕಾರ್ಖಾನೆ ಆರಂಭವಾಯಿತು. 1964ರಲ್ಲಿ ಅಲ್ಲಿನ ಹಳ್ಳಿಯೊಂದರಲ್ಲಿ ರಾತ್ರಿ ತಂಗಿದ್ದ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರ ಇಚ್ಛೆಯಂತೆ ಮರುವರ್ಷ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಸ್ಥಾಪಿತವಾಗಿ, ಕುರಿಯನ್ನರು ಅದರ ಅಧ್ಯಕ್ಷರಾದರು.

ಅವರ ಬುದ್ಧಿಯ ನಿಜವಾದ ಪರೀಕ್ಷೆ ನಡೆದದ್ದು ದಾನದ ಸಂದರ್ಭದಲ್ಲಿ. 1960ರ ದಶಕದ ಕೊನೆಗೆ ಯುರೋಪಿನಲ್ಲಿ ಹಾಲಿನ ಪುಡಿಯೂ ಬೆಣ್ಣೆಯೂ ಬೆಟ್ಟದಂತೆ ಬೆಳೆದಿದ್ದವು. ಅದನ್ನು ಅಗ್ಗವಾಗಿ ಇಲ್ಲಿ ಸುರಿದರೆ ನಮ್ಮ ಗೌಳಿಗನ ಹಾಲಿಗೆ ಬೆಲೆಯೇ ಉಳಿಯುತ್ತಿರಲಿಲ್ಲ. ದಾನವನ್ನು ಪಡೆಯಬೇಕು, ಆದರೆ ಹಂಚಬಾರದು. ಪುಡಿಯಿಂದ ಮತ್ತೆ ಹಾಲು ಮಾಡಿ ನಗರಗಳ ಡೇರಿಗಳಲ್ಲಿ ನ್ಯಾಯವಾದ ಬೆಲೆಗೆ ಮಾರಿ, ಆ ಹಣದಿಂದ ಹಳ್ಳಿಗಳಲ್ಲಿ ಸಹಕಾರ ಸಂಘಗಳನ್ನೂ ಶೀತಲೀಕರಣ ಕೇಂದ್ರಗಳನ್ನೂ ಕಟ್ಟಬೇಕು ಎಂಬುದು ಅವರ ಯೋಜನೆ. 1970ರಲ್ಲಿ ಆರಂಭವಾದ ಈ ಆಪರೇಷನ್ ಫ್ಲಡ್‌ನ ಮೊದಲ ಹಂತಕ್ಕೆ ಸೇರಿದ ನಾಲ್ಕು ಮಹಾನಗರಗಳಲ್ಲಿ ಮದ್ರಾಸೂ ಒಂದು. ಮನೆಬಾಗಿಲಿಗೆ ಹಸುವನ್ನು ತಂದು ಕರೆದುಕೊಡುತ್ತಿದ್ದ ಕಾಲವನ್ನು ಇಲ್ಲಿನ ಹಿರಿಯರು ಬಲ್ಲರು. ಹೆಚ್ಚು ಕರೆಯುವ ರಾಸುಗಳು ಹಳ್ಳಿಯಿಂದ ನಗರದ ಕೊಟ್ಟಿಗೆ ಸೇರಿ, ಹಾಲು ಬತ್ತಿದೊಡನೆ ಕಟುಕನ ಪಾಲಾಗುತ್ತಿದ್ದವು. ರಾಸು ಹಳ್ಳಿಯಲ್ಲೇ ಇದ್ದು ಹಾಲು ಮಾತ್ರ ಪ್ರಯಾಣ ಮಾಡುವಂತೆ ಮಾಡಿದ್ದೇ ಈ ಯೋಜನೆಯ ತಿರುಳು. ಹೊತ್ತಾರೆ, ಬೈಗು ಎರಡು ಹೊತ್ತೂ ಸಂಘದಲ್ಲಿ ಹಾಲನ್ನು ಅಳೆದು, ಜಿಡ್ಡಿನಂಶವನ್ನು ಪರೀಕ್ಷಿಸಿ, ಅದಕ್ಕನುಗುಣವಾಗಿ ಹಣ ಕೊಡುವ ಕ್ರಮವು ದಲ್ಲಾಳಿಯ ಅಂದಾಜಿಗೆ ಎಡೆಯುಳಿಸಲಿಲ್ಲ. ಕರ್ನಾಟಕದ ಹಾಲು ಒಕ್ಕೂಟಗಳೂ ಮುಂದೆ ಇದೇ ಮಾದರಿಯಲ್ಲಿ ಬೆಳೆದವು.

ಆಕ್ಷೇಪಗಳೂ ಬಂದವು. ಯೋಜನೆಯು ಪರರ ಪುಡಿಗೆ ಜೋತುಬಿದ್ದಿತೆಂಬ ಟೀಕೆಗೆ ಕಾಲವೇ ಉತ್ತರ ಕೊಟ್ಟಿದೆ: 1998ರ ಸುಮಾರಿಗೆ ಭಾರತವು ಹಾಲಿನ ಉತ್ಪಾದನೆಯಲ್ಲಿ ಜಗತ್ತಿಗೇ ಮೊದಲಾಯಿತು. ಆದರೆ ಹಳ್ಳಿಯ ಹಾಲೆಲ್ಲ ನಗರಕ್ಕೆ ಹರಿದರೆ ಹಳ್ಳಿಯ ಬಡಮಕ್ಕಳ ಬಟ್ಟಲಿಗೆ ಏನುಳಿಯಿತು ಎಂಬ ಪ್ರಶ್ನೆಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದೆಂದು ನನ್ನ ಭಾವನೆ.

ಕನ್ನಡದ ವಿದ್ಯಾರ್ಥಿಗಳು ಮರೆಯಬಾರದ ಸಂಗತಿಯೊಂದಿದೆ. ಐದು ಲಕ್ಷ ರೈತರು ತಲಾ ಎರಡು ರೂಪಾಯಿ ಕೊಟ್ಟು ನಿರ್ಮಿಸಿದ, 1976ರಲ್ಲಿ ತೆರೆಕಂಡ ಶ್ಯಾಮ್ ಬೆನೆಗಲ್ಲರ 'ಮಂಥನ್' ಚಿತ್ರದಲ್ಲಿ ಸಹಕಾರ ಸಂಘ ಕಟ್ಟಲು ಬರುವ ಪಶುವೈದ್ಯ ಡಾ. ರಾವ್ ಪಾತ್ರವನ್ನು ವಹಿಸಿದವರು ಗಿರೀಶ ಕಾರ್ನಾಡರು. ಅವರೂ 1970ರವರೆಗೆ ಮದ್ರಾಸಿನಲ್ಲೇ ಉದ್ಯೋಗದಲ್ಲಿದ್ದವರು.

1998ರಲ್ಲಿ ಮಂಡಳಿಯ ಅಧ್ಯಕ್ಷತೆಯಿಂದ ನಿವೃತ್ತರಾದ ಕುರಿಯನ್ನರು, ತಾವೇ ಬೆಳೆಸಿದ ಗುಜರಾತಿನ ಮಾರಾಟ ಮಹಾಮಂಡಲದಿಂದ 2006ರಲ್ಲಿ ಭಿನ್ನಾಭಿಪ್ರಾಯಗಳ ನಡುವೆ ಹೊರಬಂದರು. ಆದರೂ ಆಣಂದನ್ನು ತೊರೆಯಲಿಲ್ಲ. ಸಮೀಪದ ನಡಿಯಾದ್‌ನಲ್ಲಿ 2012ರ ಸೆಪ್ಟೆಂಬರ್ 9ರಂದು ತೀರಿಕೊಂಡರು.