ಡಾ. ಲೆಸ್ಲಿ ಕೋಲ್ಮನ್ (1878–1954)

ಕೆನಡಾ ದೇಶದಲ್ಲಿ ಜನಿಸಿದ ಡಾ. ಲೆಸ್ಲಿ ಕೋಲ್ಮನ್ ಅವರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಶಿಲೀಂಧ್ರ ಹಾಗೂ ಕೀಟಶಾಸ್ತ್ರಜ್ಞರಾಗಿ ಸೇರಿದರು.

ಆ ಕಾಲದಲ್ಲಿ ಮಲೆನಾಡಿನ ಅಡಿಕೆ ಬೆಳೆಗಾರರು ಕೊಳೆರೋಗದಿಂದ ಫಸಲನ್ನು ಕಳೆದುಕೊಳ್ಳುತ್ತಿದ್ದರು. ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುವುದು ರೂಢಿಯಲ್ಲಿದ್ದ ಉಪಾಯ. ಕೋಲ್ಮನ್ ಅವರು ರೋಗಕಾರಕ ಶಿಲೀಂಧ್ರವನ್ನು ಅಧ್ಯಯನ ಮಾಡಿ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಮಳೆಗಾಲದಲ್ಲಿ ಮರವೇರಿ ಮಾಡುವ ಈ ಕೆಲಸ ಸುಲಭವಾದುದಲ್ಲ. ಆದರೂ ಶತಮಾನದ ನಂತರವೂ ತೋಟಗಳಲ್ಲಿ ಅದೇ ದ್ರಾವಣ ಬಳಕೆಯಲ್ಲಿರುತ್ತದೆ.

1913ರಲ್ಲಿ ಹೆಬ್ಬಾಳದ ಕೃಷಿ ಶಾಲೆ ಆರಂಭವಾಯಿತು. ಕೃಷಿ ಇಲಾಖೆಯ ನಿರ್ದೇಶಕರಾಗಿ ಅವರು 1925ರ ಬಾಳೆಹೊನ್ನೂರು ಕಾಫಿ ಪ್ರಯೋಗ ಕೇಂದ್ರಕ್ಕೂ, ಮಂಡ್ಯದ ಸಕ್ಕರೆ ಕಾರ್ಖಾನೆಯ ಸ್ಥಾಪನೆಗೂ ಶ್ರಮಿಸಿದರು. 1934ರಲ್ಲಿ ನಿವೃತ್ತರಾಗಿ ಕೆನಡಾಕ್ಕೆ ಮರಳಿದರು.